ಮಂಜಿನ ದ್ವೀಪಕ್ಕೆ ವೀರಣ್ಣ ಮಾಮಾ ಕೊಟ್ಟ ಚುಕ್ಕಿ

ನನ್ನ ಸೋದರಮಾವ ವೀರಣ್ಣ ಎತ್ತರದ ಆಳು. ಹುರಿಮೀಸೆ, ದೊಡ್ಡ ದನಿ. ರಬಕವಿಯಲ್ಲಿ ಮನೆಯ ಮುಂಭಾಗದಲ್ಲೇ ನಾಲ್ಕು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯಿಸುತ್ತಾನೆ. ಆದರೆ ಫೋನಿನೊಳಗೆ ಹೊಕ್ಕರೆ ಅವನು ಮದ್ದು ಕೊಡುವ ಒಬ್ಬ ಮುದುಕಿ. ಬಾಗಿದ ಬೆನ್ನು, ಕೈಯಲ್ಲಿ ಕೋಲು, ಹೆಗಲಿಗೆ ಬೇರುನಾರಿನ ಚೀಲ. ಮುದುಕಿಯ ಹೆಸರು ಭಾಗವ್ವ. ಅದು ಅವನ ತಾಯಿಯ, ಅಂದರೆ ನನ್ನ ಅಜ್ಜಿಯ ಹೆಸರು. ಕತ್ತಿ ಹಿಡಿದ ವೀರರನ್ನೆಲ್ಲ ಬಿಟ್ಟು ಇವಳನ್ನೇಕೆ ಆರಿಸಿಕೊಂಡೆ ಎಂದು ಕೇಳಿದರೆ, "ಬಡಿಯಾಕ ಮಂದಿ ಭಾಳ ಅದಾರವಾ. ಬಡಿಸಿಕೊಂಡಾವ್ರನ್ನ ನೋಡಾಕ ಯಾರರ ಬೇಕಲ್ಲ?" ಎನ್ನುತ್ತಾನೆ.

ಇದು ದೇಶದೇಶದ ಜನ ಆನ್‌ಲೈನ್‌ನಲ್ಲಿ ಕೂಡಿ ಆಡುವ ಆಟ. ಅದರಲ್ಲಿ ಮಾಟಗಾರರಿದ್ದಾರೆ, ರಾಕ್ಷಸರಿದ್ದಾರೆ, ರೆಕ್ಕೆ ಬಂದ ಹಾವುಗಳಿವೆ. ಅದರ ಖರೆ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳುವುದಿಲ್ಲ, ಹಾಗಾಗಿ ನಾವು 'ಏಳು ಕೋಟೆ' ಎಂದುಬಿಟ್ಟಿದ್ದೇವೆ. ಮಾಮಾ ಒಮ್ಮೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮಂಚ ಹಿಡಿದಾಗ, ಹೊತ್ತು ಹೋಗಲಿ ಎಂದು ನಾನೇ ಫೋನಿಗೆ ಹಾಕಿಕೊಟ್ಟಿದ್ದೆ. ಕಾಲು ಕೂಡಿತು, ಆಟ ಮಾತ್ರ ಬಿಡಲಿಲ್ಲ.

ನಮ್ಮದು ನಾಲ್ವರ ತಂಡ. ನಾನು ನಂದಾ, ಜಮಖಂಡಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ; ಆಟದಲ್ಲಿ ಬಿಲ್ಲುಗಾರ್ತಿ. ಮುಧೋಳದ ಶಿವಾಜಿ ಟ್ರ್ಯಾಕ್ಟರ್ ಸಾಮಾನು ಮಾರುತ್ತಾನೆ. ಕತ್ತಿ ಹಿರಿದು ಎಲ್ಲರಿಗಿಂತ ಮುಂದೆ ನುಗ್ಗುವವನು ಅವನೇ. ಬೀಳಗಿಯಲ್ಲಿ ಔಷಧಿ ಅಂಗಡಿ ಇಟ್ಟ ಸಿದ್ದಾರೂಢ ನಮ್ಮ ಮಾಟಗಾರ. ರಬಕವಿಯಲ್ಲಿ ಕರೆಂಟ್ ಹೋದರೆ ಮಗ್ಗ ನಿಲ್ಲುತ್ತವೆ, ಮಗ್ಗ ನಿಂತರೆ ಮಾಮಾ ಆಟಕ್ಕೆ ಬರುತ್ತಾನೆ. ಕರೆಂಟ್ ಹೋಗಲಿ ಎಂದು ದೇವರಿಗೆ ಕೈಮುಗಿಯುವವನು ಈ ಜಿಲ್ಲೆಯಲ್ಲಿ ಶಿವಾಜಿ ಒಬ್ಬನೇ ಇರಬೇಕು.

ಮಾಮಾನ ಕಣ್ಣು ಬಲು ಚುರುಕು. ಸಾವಿರಾರು ಎಳೆಗಳಲ್ಲಿ ಒಂದು ತುಂಡಾದರೂ ಗುರುತಿಸುವ ಕಣ್ಣದು. ಯಾರ ಜೀವ ಇಳಿಯುತ್ತಿದೆ ಎಂಬುದು ನಮಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಹಳೆಯ ಆಟದಲ್ಲಿ ಮಾತು ಇರಲಿಲ್ಲ. ಗುಂಡಿ ಒತ್ತಿದರೆ ನಮ್ಮ ನಮ್ಮ ಗೊಂಬೆಗಳು ಕೈ ಎತ್ತುತ್ತಿದ್ದವು, ಬೆರಳು ತೋರಿಸುತ್ತಿದ್ದವು. ಶಿವಾಜಿಯ ಗೊಂಬೆ ಕೈ ಎತ್ತುವಷ್ಟರಲ್ಲಿ ಭಾಗವ್ವ ಕೋಲೂರಿಕೊಂಡು ಹಾಜರಾಗುತ್ತಿದ್ದಳು.

ಆಮೇಲೆ ಬಂತು ನೋಡಿ, 'ಮಂಜಿನ ದ್ವೀಪ' ಎಂಬ ಎಕ್ಸ್‌ಪ್ಯಾನ್ಶನ್. ಅಂದರೆ ಆಟಕ್ಕೆ ಹೊಸ ಸೀಮೆ, ಹೊಸ ರಾಕ್ಷಸ, ಹೊಸ ಬಟ್ಟೆಬರೆ. ಮಾಮಾ ಅದಕ್ಕೆ 'ಹೊಸ ಬೀಮು' ಎಂದ, ಹಳೆಯ ನೂಲು ಮುಗಿದ ಮೇಲೆ ಮಗ್ಗಕ್ಕೆ ಏರಿಸುವ ಹೊಸ ನೂಲಿನ ಉರುಳೆಯ ಹಾಗೆ. ಬರುವ ಮೊದಲು ಎಲ್ಲರಿಗಿಂತ ಹೆಚ್ಚು ಕಾದವನೂ ಅವನೇ.

ಬಂದ ಮೇಲೆ ಫೋನಿನ ನಮ್ಮ ಗುಂಪಿನಲ್ಲಿ ಬಾಯಿಗೆ ಬಂದಷ್ಟು ಅಭಿಪ್ರಾಯ. ಸಿದ್ದಾರೂಢ ಸಮುದ್ರದ ಚೆಲುವಿನ ಮೇಲೆ ಮಾರುದ್ದ ಬರೆದು ಐದಕ್ಕೆ ಐದು ಚುಕ್ಕಿ ಕೊಟ್ಟ. ಶಿವಾಜಿ ಹಾರುವ ಕುದುರೆಯೊಂದಕ್ಕೇ ಐದು ಎಂದ. ನಾನು ಮೂರು ಕೊಟ್ಟೆ. ಹೊಸ ನಿಲುವಂಗಿಗಳನ್ನು ಹತ್ತಿರದಿಂದ ನೋಡಿದ್ದೆ. ಎಡದ ತೋಳು ಬಲಕ್ಕೆ, ಬಲದ್ದು ಎಡಕ್ಕೆ. ತೋಳು ತಿರುವಿ ಹೊಲಿದವನಿಗೆ ನಾನು ಐದು ಕೊಡಬೇಕೇ ಎಂದು ಬರೆದೆ. ಮಾಮಾ ಒಂದೇ ಒಂದು ಚುಕ್ಕಿ ಕೊಟ್ಟು ಕೂತ.

"ಯಾಕ ಮಾಮಾ?" ಎಂದು ಬರೆದು ಕೇಳಿದರೆ ದಿನಕ್ಕೊಂದು ಕಾರಣ. ಕುದುರೆಯ ಬಾಲ ಮೋಟು. ಸಮುದ್ರದ ಬಣ್ಣ ಅಗಸರು ಒಗೆದ ನೀರಿನ ಹಾಗಿದೆ. ಒಂದು ದಿನವಂತೂ "ಆ ಮಂಜಿನ್ಯಾಗ ಭಾಗವ್ವಗ ನೆಗಡಿ ಆಗತೈತಿ" ಎಂದು ಬರೆದ. ಅಜ್ಜಿ ಬದುಕಿದ್ದರೆ ಅವಳೂ ನಗುತ್ತಿದ್ದಳು.

ನಗು ಹೆಚ್ಚು ದಿನ ಉಳಿಯಲಿಲ್ಲ. ಹೊಸ ಸೀಮೆಯ ಮಂಜಿನಲ್ಲಿ ದೂರದವರು ಕಾಣುವುದಿಲ್ಲ. ಅದಕ್ಕೆಂದೇ ಕಂಪನಿಯವರು ಮಾತಾಡಿಕೊಂಡು ಆಡುವ ಸೌಕರ್ಯ ಕೊಟ್ಟು, ಕೈಸನ್ನೆಯ ಗುಂಡಿಗಳನ್ನು ತೆಗೆದುಹಾಕಿದ್ದರು. ಶಿವಾಜಿ ಮಂಜಿನೊಳಗಿಂದ "ಮಾಮಾ, ಮದ್ದು! ಮಾಮಾ, ಮದ್ದು!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಭಾಗವ್ವ ಕೋಲೂರಿಕೊಂಡು ನಿಂತಲ್ಲೇ ನಿಂತಿರುತ್ತಿದ್ದಳು. ಮೇಲಿಂದ ಮೇಲೆ ಸತ್ತು ಸತ್ತು ಶಿವಾಜಿಗೆ ತಲೆ ಕೆಟ್ಟಿತು. "ಮಾಮಾ ಮಲಗ್ಯಾರೇನ್ರಿ? ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದಿದ್ಲಂತ" ಎಂದು ಗುಂಪಿನಲ್ಲಿ ಬರೆದೇಬಿಟ್ಟ.

ಅದಕ್ಕೆ ಮಾಮಾನ ಉತ್ತರ ಚಿಕ್ಕದು. "ನಾ ಇನ್ನ ಬರೂದಿಲ್ಲ. ಆ ಬನಹಟ್ಟಿ ಯುವರಾಜನೂ ಮದ್ದು ಕೊಡತಾನ, ಖಾಲಿ ಅದಾನ, ಅವನ್ನ ತಗೋರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಾಮಾನನ್ನು ಬಿಟ್ಟು ಬೇರೆಯವರೊಡನೆ ಆಡುವುದೆಂದರೆ ಏನು! ಆ ಆಟವೇ ಬೇಡ ನನಗೆ. ಅಂಗಡಿಗೆ ಬೀಗ ಜಡಿದು ರಬಕವಿಯ ಬಸ್ ಹತ್ತಿದೆ, ಎದುರಿಗೇ ನಿಂತು ಬೈದು ಬರೋಣವೆಂದು.

ಮಗ್ಗಗಳು ಓಡುತ್ತಿದ್ದವು. ಆ ಸಪ್ಪಳದಲ್ಲಿ ಬೈಗುಳವೂ ವ್ಯರ್ಥ. ಬಾಗಿಲಲ್ಲೇ ನಿಂತೆ. ಮಾಮಾ ಒಂದು ಮೂಲೆಯಲ್ಲಿ, ಅವನ ಕೆಲಸಗಾರ ಜಕ್ಕಪ್ಪ ಇನ್ನೊಂದು ಮೂಲೆಯಲ್ಲಿ. ಜಕ್ಕಪ್ಪ ಎರಡು ಬೆರಳು ಜೋಡಿಸಿ ಚಟ್ಟನೆ ಬಿಡಿಸಿದ, ಎಳೆ ತುಂಡಾಗಿದೆ. ಮಾಮಾ ಅಂಗೈ ಅಡ್ಡ ಹಿಡಿದ, ಮಗ್ಗ ನಿಲ್ಲಿಸು. ಜಕ್ಕಪ್ಪ ಹೆಬ್ಬೆರಳನ್ನು ತುಟಿಗೆ ಮುಟ್ಟಿಸಿ ಹುಬ್ಬು ಹಾರಿಸಿದ, ಚಹಾ ಆಗಲೇ? ಮಾಮಾ ಹೊಟ್ಟೆ ಕುಣಿಸಿ ನಕ್ಕ. ನಮ್ಮ ಕಡೆಯ ಮಗ್ಗದ ಮನೆಗಳಲ್ಲಿ ಮಾತೆಲ್ಲ ಹೀಗೆಯೇ. ಚಿಕ್ಕಂದಿನಿಂದ ನೋಡಿದ್ದೇ, ಹೊಸದೇನಲ್ಲ.

ಹೊಸದು ಕಂಡದ್ದು ಒಳಗೆ, ಅಡುಗೆಮನೆಯಲ್ಲಿ. ಮಗ್ಗ ನಿಲ್ಲಿಸಿ ಮಾಮಾ ಒಳಬಂದು ಕೂತ. ನಾನು ಅವನಿಗೆ ಬೆನ್ನು ಮಾಡಿ ಚೀಲ ಬಿಚ್ಚುತ್ತ, "ಮಾಮಾ, ಹಿಂಗ ನಡುವ ಕೈ ಬಿಟ್ಟರ ಹೆಂಗ?" ಎಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಇಲ್ಲ. ತಿರುಗಿ ನೋಡಿದರೆ ಅವನು ಹಾಯಾಗಿ ಮೀಸೆ ತೀಡುತ್ತ ಕೂತಿದ್ದ.

ಮಾಮಾನ ಹೆಂಡತಿ ಮಂಗಲಾ ಅತ್ತಿ ಒಲೆಯ ಮುಂದಿನಿಂದಲೇ ಹೇಳಿದಳು, "ಮಾರಿ ತೋರಿಸಿ ಮಾತಾಡವಾ. ಬೆನ್ನ ತಿರಿವಿದರ ಅವರಿಗಿ ಕೇಳೂದಿಲ್ಲ. ತುಟಿ ನೋಡಿ ತಿಳಕೋತಾರ."

"ಯಾವಾಗಿಂದ ಅತ್ತಿ?"

"ಯಾವಾಗಿಂದ ಅಂತ ಹೇಳಲಿ? ಹುಟ್ಟಿದಾಗಿಂದ ಮಗ್ಗದ ಸಪ್ಪಳದಾಗ ಇದ್ದಾವ್ರು. ಕಿವಿಗೆ ಮಶೀನ ಹಾಕಸ್ರಿ ಅಂದ್ರ, ಮಗ್ಗದ ಸಪ್ಪಳಾನ ಇನ್ನಷ್ಟು ದೊಡ್ಡದು ಮಾಡಿ ಕೊಡತೈತಿ ಅದು, ಒಲ್ಲೆ ಅಂತಾರ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಮೋಟು ಬಾಲ, ಒಗೆದ ನೀರು, ನೆಗಡಿ, ಎಲ್ಲ ನೆನಪಾಗಿ ಕಣ್ಣು ತುಂಬಿತು. ಮಾಮಾ ನಮ್ಮಿಬ್ಬರ ತುಟಿ ನೋಡಿ ಎಲ್ಲ ತಿಳಿದುಕೊಂಡಿದ್ದ.

"ಆ ಫೋನಿನ ದನಿನ ಸರಿ ಇಲ್ಲ," ಎಂದು ಗುಡುಗಿದ. ಆಮೇಲೆ ದನಿ ತಗ್ಗಿಸಿ, "ಹುಡುಗ್ರಿಗಿ ಹೇಳಬ್ಯಾಡ ನಂದಾ. ಮುದುಕ ಕಿವುಡಾದ ಅಂತಾರ. ನನ್ನ ಆಣಿ ಐತಿ ನೋಡ" ಎಂದ. ಅವನು ತಗ್ಗಿಸಿದ ದನಿ ಆಚೆ ಓಣಿಗೂ ಕೇಳಿಸಿರಬೇಕು.

ಆಣೆ ಹಾಕಿದ ಮೇಲೆ ಬಾಯಿ ಬಿಡುವ ಹಾಗಿಲ್ಲ. ಆದರೆ ಹೊಲಿಗೆಯವಳಿಗೆ ಅಷ್ಟು ಉಪಾಯ ತೋಚದೆ ಇದ್ದೀತೇ? ಒಂದೇ ಒಂದು ಕೊನೆಯ ಆಟ, ಆಮೇಲೆ ನಿನ್ನಿಷ್ಟ ಎಂದು ಮಾಮಾನನ್ನು ಒಪ್ಪಿಸಿದೆ. ಭಾನುವಾರ ಮಂಗಲಾ ಅತ್ತಿ ಎಣ್ಣೆ ಹೋಳಿಗೆ ಮಾಡುತ್ತಾಳೆ, ಎಲ್ಲರೂ ರಬಕವಿಗೇ ಬನ್ನಿ, ಮಂಜಿನ ರಾಕ್ಷಸನನ್ನು ಅಲ್ಲೇ ಕೂತು ಹೊಡೆಯೋಣ ಎಂದು ಉಳಿದಿಬ್ಬರಿಗೆ ಬರೆದೆ. ಶಿವಾಜಿಗೆ ಮಾಮಾನ ಮೇಲೆ ಸಿಟ್ಟಿತ್ತು, ಹೋಳಿಗೆಯ ಮೇಲೆ ಇರಲಿಲ್ಲ. ಬಂದ.

ಊಟವಾದ ಮೇಲೆ ಎಲ್ಲರನ್ನೂ ಮಗ್ಗಗಳ ನಡುವೆ ಚಾಪೆ ಹಾಸಿ ಕೂರಿಸಿದೆ. "ಅವಸರದ ಆರ್ಡರ್ ಐತಿ, ಮಗ್ಗ ನಿಲ್ಲಸಾಕ ಬರೂದಿಲ್ಲ" ಎಂದೆ. ಜಕ್ಕಪ್ಪ, ನಾನು ಮೊದಲೇ ಹೇಳಿಟ್ಟಂತೆ, ನಾಲ್ಕೂ ಮಗ್ಗ ಚಾಲೂ ಮಾಡಿದ.

ಆಟ ಶುರುವಾಯಿತು. ಶಿವಾಜಿ ಬಾಯಿ ತೆರೆದು ಕೂಗಿದ. ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ. ಸಿದ್ದಾರೂಢ ಏನೋ ಅರಚಿದ. ಅವನ ಕೊರಳ ನರ ಉಬ್ಬಿದ್ದಷ್ಟೇ ಕಂಡಿತು. ಇಬ್ಬರೂ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದರು. ಒಮ್ಮೆ ಸತ್ತೆವು. ಆಗ ಮಾಮಾ ಎಲ್ಲರ ಮೊಣಕಾಲು ತಟ್ಟಿ ತನ್ನ ಕಡೆ ನೋಡಲು ಸನ್ನೆ ಮಾಡಿದ. ಬೆರಳು ಚಟ್ಟನೆ ಬಿಡಿಸಿದರೆ ಪೆಟ್ಟಾಗಿದೆ ಎಂದು. ಅಂಗೈ ಅಡ್ಡ ಹಿಡಿದರೆ ನಿಲ್ಲು. ಗದ್ದ ಎತ್ತಿದರೆ ನುಗ್ಗು. ಕೈಯಲ್ಲಿ ಫೋನಿದ್ದಾಗ ಮೊಣಕೈ, ಹುಬ್ಬು, ಏನಾದರೂ ನಡೆಯುತ್ತದೆ. ಒಂದಷ್ಟು ಹೊತ್ತಿಗೆ ನಾವು ಮೂವರೂ ಅರ್ಧಕಣ್ಣು ಫೋನಿನ ಮೇಲೆ, ಅರ್ಧಕಣ್ಣು ಮಾಮಾನ ಮೀಸೆಯ ಮೇಲೆ ಇಟ್ಟು ಆಡತೊಡಗಿದೆವು. ಶಿವಾಜಿ ಬೆರಳು ಬಿಡಿಸುವಷ್ಟರಲ್ಲಿ ಮಂಜಿನೊಳಗಿಂದ ಭಾಗವ್ವ ಬಂದೇಬಿಡುತ್ತಿದ್ದಳು, ಮೊದಲಿನ ಹಾಗೆಯೇ.

ರಾಕ್ಷಸ ಬಿದ್ದ. ಮಾಮಾ ಆ ಸಪ್ಪಳದಲ್ಲೇ ತನ್ನ ಒಂದು ಚುಕ್ಕಿಯನ್ನು ಅಳಿಸಿ ನಾಲ್ಕು ಮಾಡಿ ಫೋನನ್ನು ನನ್ನ ಮುಂದೆ ಹಿಡಿದ. ಇನ್ನೊಂದು ಯಾಕೆ ಬಿಟ್ಟೆ ಎಂದು ಬೆರಳೆತ್ತಿ ಕೇಳಿದೆ. ತನ್ನ ಅಂಗಿಯ ತೋಳು ಹಿಡಿದು ತಿರುವಿ ತೋರಿಸಿದ. ನಾನು ಬರೆದದ್ದನ್ನು ಅವನು ಮರೆತಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ನಾಲ್ಕೂ ಮಗ್ಗ ಗಕ್ಕನೆ ನಿಂತವು. ಹೊರಗೆ ಓಣಿಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸುವಷ್ಟು ಸದ್ದಡಗಿತು. ಸಿದ್ದಾರೂಢ ಮಾತಾಡಲು ಬಾಯಿ ತೆರೆದ. ಶಿವಾಜಿ ಅವನ ತೊಡೆಗೆ ಚಿವುಟಿದ. ಆಮೇಲೆ ಮಾಮಾನ ಎದುರಿಗೆ ಸರಿದು ಕೂತು, ಹೆಬ್ಬೆರಳನ್ನು ತುಟಿಗೆ ಮುಟ್ಟಿಸಿ ಹುಬ್ಬು ಹಾರಿಸಿದ.

ಮಾಮಾ ನಿಂತ ಮಗ್ಗಗಳ ಕಡೆ ಒಮ್ಮೆ ನೋಡಿದ. "ಕರೆಂಟ ಹೋಗೇತಿ ಬಿಡಲೇ ಶಿವಾಜಿ. ಈಗರ ಬಾಯಿಲೆ ಮಾತಾಡು."

ಶಿವಾಜಿ ತಲೆ ಅಲ್ಲಾಡಿಸಿ ಮತ್ತೆ ಹೆಬ್ಬೆರಳನ್ನು ತುಟಿಗೆ ಮುಟ್ಟಿಸಿದ. ನಾನು ಯಾರಿಗೂ ಏನೂ ಹೇಳಿರಲಿಲ್ಲ, ಆಣೆಗೂ; ಅವನಾಗಿಯೇ ತಿಳಿದುಕೊಂಡಿದ್ದ.

ಮಾಮಾ ಅವನ ಮೊಣಕಾಲು ತಟ್ಟಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಮಂಗಲಾ, ಹುಡುಗ್ರಿಗಿ ಚಹಾ ಇಡು" ಎಂದು ಎಂದಿನ ಹಾಗೆ ಊರಿಗೆಲ್ಲ ಕೇಳುವಂತೆ ಕೂಗಲು ಹೋದ. ಅಂದು ಮಾತ್ರ ದನಿ ಚಾಪೆ ದಾಟಲಿಲ್ಲ. ಅತ್ತಿಗೆ ಕೇಳಿಸಲೇ ಇಲ್ಲ; ನಾನೇ ಎದ್ದು ಹೋಗಿ ಹೇಳಬೇಕಾಯಿತು.