ಪರದೆಯ ತುಂಬ ಲುಬ್ನಾ

ಓಕ್ಲ್ಯಾಂಡಿನ ಲುಬ್ನಾಳಿಗೆ ಸಿನಿಮಾ ಮಾಡುವವರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಕತೆ ಶುರುವಾಗುವ ಮುಂಚೆ ಪರದೆಯ ಮೇಲೆ ಹೆಸರುಗಳು ಬರುತ್ತವಲ್ಲ, ಆ ಟೈಟಲ್ಲುಗಳನ್ನು ಮಾಡುವುದು ಅವಳ ಕಸುಬು. ನೋಡುವವರ ಎದೆಯಲ್ಲಿ ಕ್ಷಣದಲ್ಲೇ ಅಳುಕು ಹುಟ್ಟಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಹಿಂದೊಮ್ಮೆ ಒಬ್ಬ ಮಹಾನುಭಾವ ಅವಳ ಕೆಲಸವನ್ನೆಲ್ಲ ತನ್ನದೆಂದು ಹೇಳಿಕೊಂಡು ಮೆರೆದಿದ್ದ. ಅಂದಿನಿಂದ ಯಾರು ನಕ್ಕು ಮಾತಾಡಿಸಿದರೂ ಅವಳ ಹುಬ್ಬು ಮೇಲೇರುತ್ತಿತ್ತು.

ಸ್ಯಾನ್ ಹೊಸೆಯ ಜಗನ್ ಗೆಳೆಯರನ್ನು ಕಟ್ಟಿಕೊಂಡು ಕನ್ನಡದಲ್ಲೊಂದು ಕೊಲೆಯ ಸಿನಿಮಾ ಮಾಡಿದ. ಟೈಟಲ್ಲಿಗೆ ಲುಬ್ನಾಳನ್ನೇ ಹುಡುಕಿಕೊಂಡು ಬಂದ. ಅವನ ನಯವಿನಯ ನೋಡಿಯೇ ಇವಳಿಗೆ ಅನುಮಾನ ಹತ್ತಿತು.

"ನನ್ ಹೆಸರು ಹಾಕ್ತೀರಾ ತಾನೆ?"

"ಹಾಕದೆ ಇರ್ತೀವಾ ಮೇಡಂ? ಕೊನೇ ಕ್ರೆಡಿಟ್ಸು ನಾನೇ ಮಾಡ್ತಿರೋದು. ನನಗೆ ಬಿಡಿ."

ಬಿಡುವವಳಲ್ಲ ಅವಳು. ಕಳಿಸುವ ಪ್ರತಿ ಕಾಪಿಯಲ್ಲೂ ಟೈಟಲ್ಲಿನ ಚಿತ್ರಗಳ ಮೇಲೆ, ಅರ್ಧ ತೆರೆದ ಬಾಗಿಲು, ಕೈ ತೊಳೆಯುವ ಹೆಂಗಸು, ಎಲ್ಲದರ ಮೇಲೂ ತನ್ನ ಹೆಸರನ್ನು ದೊಡ್ಡದಾಗಿ, ತೆಳುವಾಗಿ ಬಳಿದಳು. ಕದ್ದರೆ ಸಿಕ್ಕಿಬೀಳಲಿ ಎಂದು.

"ಪಾಪ, ಒಳ್ಳೆ ಮನುಷ್ಯ," ಎಂದ ಗಂಡ ಮುಜಮ್ಮಿಲ್.

"ಒಳ್ಳೆಯವ್ರೇ ಟೋಪಿ ಹಾಕೋದು."

ನೋಡಿ ನೋಡಿ ಆ ಹೆಸರು ಅವಳ ಕಣ್ಣಿಗೇ ಕಾಣದಾಯಿತು. ಕೊನೆಯ ಕಾಪಿ ಕಳಿಸುವಾಗ ಅದನ್ನು ತೆಗೆಯುವುದನ್ನೇ ಮರೆತಳು.

ಮೊದಲ ಪ್ರದರ್ಶನದ ದಿನ ಥಿಯೇಟರು ತುಂಬಿತ್ತು. ದೀಪ ಆರಿದ್ದೇ ತಡ, ಲ್ಯಾಪ್‌ಟಾಪಿನಲ್ಲಿ ಕಂಡೂ ಕಾಣದಂತಿದ್ದ ಹೆಸರು ಪರದೆಯಗಲ ಎದ್ದು ನಿಂತಿತು. ಬಾಗಿಲ ಮೇಲೆ ಲುಬ್ನಾ, ಕೈ ತೊಳೆಯುವವಳ ಮೇಲೆ ಲುಬ್ನಾ. ತೆಗೆಯಲು ಮರೆತದ್ದು ಅವಳಿಗೆ ಆಗ ಹೊಳೆಯಿತು.

ಹಿಂದಿನ ಸೀಟಿನ ಹೆಂಗಸು ಗಂಡನಿಗೆ ಪಿಸುಗುಟ್ಟಿದಳು, "ರೀ, ಕೊಲೆ ಮಾಡೋದು ಆ ಲುಬ್ನಾನೇ. ಶುರೂನಲ್ಲೇ ಹೇಳ್ಬಿಟ್ರು ನೋಡಿ."

"ಇರೇ, ಅವಳಿನ್ನೂ ಬಂದೇ ಇಲ್ವಲ್ಲ."

ಇಡೀ ಥಿಯೇಟರು ಲುಬ್ನಾಳಿಗಾಗಿ ಕಾಯುತ್ತ ಕೂತಿತು. ಹೊಸ ಹೆಂಗಸು ಬಂದಾಗಲೆಲ್ಲ "ಇವಳೇ, ಇವಳೇ" ಎಂಬ ಗುಜುಗುಜು. ನಿಜವಾದ ಕೊಲೆಗಾರ ಸಿಕ್ಕಿಬಿದ್ದರೂ ಯಾರಿಗೂ ಸಮಾಧಾನವಿಲ್ಲ. ಇಷ್ಟು ಹಾಳು ಮಾಡಿದವಳ ಹೆಸರು ಇನ್ನೆಲ್ಲಿ ಬರುತ್ತದೆ ಎಂದು ಲುಬ್ನಾ ಎದ್ದು ಹೊರಡುವುದರಲ್ಲಿದ್ದಳು.

ಆಗ ಕೊನೆಯ ಕ್ರೆಡಿಟ್ಸಿನಲ್ಲಿ ಬಂತು, ಬೇರೆ ಯಾರ ಹೆಸರೂ ಜೊತೆಗಿಲ್ಲದೆ, ನಿರ್ದೇಶಕನ ಹೆಸರಿಗಿಂತ ಮುಂಚೆ: ಟೈಟಲ್ ವಿನ್ಯಾಸ, ಲುಬ್ನಾ.

ಥಿಯೇಟರು ಬಿದ್ದು ಬಿದ್ದು ನಕ್ಕಿತು.

ಜಗನ್ ಅವಳ ಬಳಿ ಬಂದ. ಮುಖ ಬಾಡಿತ್ತು. "ಜನ ಹೀಗೆ ನಕ್ಕರಲ್ಲ, ಹಾಗಾದ್ರೆ ಶುರೂನಲ್ಲಿದ್ದ ನಿಮ್ಮ ಹೆಸರು ಮರೆತು ಉಳಿದಿದ್ದಾ ಮೇಡಂ?"

"ನೀವು ಮೊದಲೇ ನೋಡಿದ್ರಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನೋಡ್ದೆ. ಏನೋ ಯೋಚನೆ ಮಾಡೇ ಇಟ್ಟಿರ್ತೀರಿ ಅಂದ್ಕೊಂಡೆ. ನೀವು ಮಾಡಿದ್ಮೇಲೆ ನಾನೇನು ಅನುಮಾನ ಪಡೋದು?"