ಮಾವನ ಕಾರಿಗೆ ದಾರಿ ಹೇಳುವವರು

ನಮ್ಮ ಸೋದರಮಾವ ಹೊಲಿಗೆ ಯಂತ್ರದ ಬಿಡಿಭಾಗ ಮಾರುತ್ತ ಮೂವತ್ತು ವರ್ಷ ಊರೂರು ಸುತ್ತಿದವನು. ಸುತ್ತಿದ್ದು ಅವನು, ದಾರಿ ಹೇಳಿದ್ದು ಅತ್ತೆ. ಪಕ್ಕದ ಸೀಟಿನಲ್ಲಿ ಕಾಗದದ ನಕ್ಷೆ ಹರಡಿಕೊಂಡು ಅವಳು ಎಡಕ್ಕೆ ಎಂದರೆ ಎಡಕ್ಕೆ, ನಿಲ್ಲಿಸಿ ಎಂದರೆ ಬ್ರೇಕು. ನೆಂಟರ ಮುಂದೆ, ನನಗೆ ಗೊತ್ತಿಲ್ಲದ ರಸ್ತೆಯೇ ಇಲ್ಲ ಎಂದು ಜಂಬ ಕೊಚ್ಚುವುದು ಮಾತ್ರ ಇವನು. ಕೆಲಸ ಬಿಟ್ಟ ಮೇಲೂ ಇಬ್ಬರ ಸುತ್ತಾಟ ನಿಂತಿಲ್ಲ.

ಫೋನು ದಾರಿ ಹೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ. "ಗುರುತು ಪರಿಚಯ ಇಲ್ಲದ ಹೆಂಗಸಿನ ಮಾತು ಕೇಳೋಕೆ ನನಗೇನು ತಲೆ ಕೆಟ್ಟಿದೆಯಾ?" ಎನ್ನುತ್ತಾನೆ.

ಮೊನ್ನೆ ಅತ್ತೆಗೆ ಕಣ್ಣಿನ ಆಪರೇಷನ್. ಹತ್ತು ಗಂಟೆಯೊಳಗೆ ಆಸ್ಪತ್ರೆ ತಲುಪದಿದ್ದರೆ ಮತ್ತೆ ಸರದಿ ಬರುವುದು ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಇರುವ ನೋಟವೂ ಹೋದೀತು ಎಂದಿದ್ದರು ಡಾಕ್ಟರು. ಹೋಗಬೇಕಾದ್ದು ಇಬ್ಬರೂ ಕಾಲಿಡದ ಹೊಸ ಊರು. ನಾನು ಹಿಂದಿನ ಸೀಟಿನಲ್ಲಿದ್ದೆ. ಈ ಮಹಾನುಭಾವ ಮಾಡಿದ್ದೇನು? ಕಣ್ಣಿನ ಆಪರೇಷನ್ನಿಗೆ ಹೊರಟವಳ ತೊಡೆಯ ಮೇಲೇ ನಕ್ಷೆ ಹರಡಿದ. ಅವಳೂ ಬೆರಳಿಟ್ಟು ಎಡ, ಬಲ ಎನ್ನುತ್ತ ಹೋದಳು.

ಒಂಬತ್ತೂಕಾಲಿಗೆ ರಸ್ತೆ ಒಂದು ಕಲ್ಲು ಕ್ವಾರಿಯ ಗೇಟಿನ ಮುಂದೆ ಮುಗಿಯಿತು.

"ಇದೇನೇ ಇದು? ನಕ್ಷೆ ನೋಡಿ ಹೇಳಬಾರದಾ?" ಮಾವ ರೇಗಿದ.

"ಏನು ನೋಡ್ಲಿ ರೀ? ಎರಡು ವರ್ಷದಿಂದ ಅದರಲ್ಲಿ ಒಂದಕ್ಷರ ಕಾಣಿಸಿಲ್ಲ. ಹಳೇ ದಾರಿಯೆಲ್ಲ ನೆನಪಿತ್ತು, ಹೇಳ್ತಿದ್ದೆ. ಇದು ಗೊತ್ತಿಲ್ಲ."

"ಮೊದಲೇ ಬಾಯಿ ಬಿಡೋಕೇನಾಗಿತ್ತು?"

"ಬಿಟ್ಟಿದ್ರೆ ನನ್ನನ್ನ ಮನೇಲೇ ಬಿಟ್ಟು ಹೋಗ್ತಿದ್ರಿ."

ಎರಡು ವರ್ಷ ಪಕ್ಕದಲ್ಲೇ ಕೂತವಳ ಕಣ್ಣು ಇಷ್ಟು ಕೆಟ್ಟಿದ್ದು ತಿಳಿಯಲಿಲ್ಲವಲ್ಲ ಎಂದು ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬಂತು. ಫೋನು ತೆಗೆದು, "ಹಾಕ್ಲಾ?" ಎಂದೆ.

"ಹಾಕು," ಎಂದ, ಸ್ಟೇರಿಂಗ್ ನೋಡುತ್ತ.

ವಾಪಸು ದೊಡ್ಡ ರಸ್ತೆಗೆ ಬಂದ ಮೇಲೆ ಫೋನು, ಎಡಕ್ಕೆ ತಿರುಗಿ ಎಂದಿತು. ಮಾವ ಕಾರು ನಿಧಾನ ಮಾಡಿದ, ತಿರುಗಿಸಲಿಲ್ಲ. ಹಿಂದಿನ ಲಾರಿಯವನು ಹಾರನ್ ಒತ್ತಿ ಬೈಯತೊಡಗಿದ.

"ಏನ್ ಮಾಡ್ಲೇ?" ಎಂದು ಅತ್ತೆಯನ್ನು ಕೇಳಿದ.

"ತಿರುಗಿಸಿ," ಎಂದಳು ಅತ್ತೆ. ಆಮೇಲೆ ತಿರುಗಿಸಿದ.

ಮುಂದಿನ ಹನ್ನೊಂದು ತಿರುವಿಗೂ ಇದೇ ರಾಮಾಯಣ. ಫೋನು ಹೇಳುವುದು, ಇವನು ಕೇಳುವುದು, ಅವಳು ಹೂಂ ಅನ್ನುವುದು. ಹತ್ತಕ್ಕೆ ನಾಲ್ಕು ನಿಮಿಷ ಇರುವಾಗ ನರ್ಸು ಅತ್ತೆಯ ಕೈ ಹಿಡಿದು ಒಳಗೆ ಕರೆದೊಯ್ದಳು. ಕಾರು ತೆಗೀರಿ ಎಂದು ವಾಚ್‌ಮನ್ ಕಿರುಚುತ್ತಿದ್ದ. ಎತ್ತ ತೆಗೆಯುವುದೆಂದು ಹೇಳುವವರಿಲ್ಲದೆ ಮಾವ ಆಸ್ಪತ್ರೆಯ ಬಾಗಿಲಿಗೆ ಅಡ್ಡವಾಗಿ ನಿಂತ ಕಾರಿನಲ್ಲೇ ಕೂತಿದ್ದ.