ಅರ್ಧ ಬೆಲೆಯ ಹೊಳಪು

‘ಅರ್ಧ ಬೆಲೆ’ ಎಂದು ಎಲ್ಲಾದರೂ ಬರೆದಿದ್ದರೆ ಅಲ್ಲಿ ಮೊದಲು ಮೋಸ ಹುಡುಕುವವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದವರ ಮಾತಿನಲ್ಲಿ ಬಿರುಕು ಹುಡುಕಿಯೇ ಕಪ್ ಗೆದ್ದವಳು. ಆದರೂ ಹಿರಿಯಡ್ಕದ ಒಂದು ಅಂಗಡಿಯಲ್ಲಿ ಯಾರದೋ ಮನೆಗೆ ಹಾಕಿ ಮಿಕ್ಕ ಟೈಲ್ಸ್ ಅರ್ಧ ಬೆಲೆಗೆ ಸಿಕ್ಕಿದಾಗ ಒಂದೂ ಪ್ರಶ್ನೆ ಕೇಳದೆ ಟೆಂಪೊದಲ್ಲಿ ತುಂಬಿಸಿಕೊಂಡು ಬಂದೆ. ಸಂಶಯವಾದಿಗಳ ಗುಟ್ಟು ಇಷ್ಟೇ: ನಾವು ಸಂಶಯಪಡುವುದು ಬೇರೆಯವರ ಲಾಭದ ಬಗ್ಗೆ ಮಾತ್ರ.

ಅಕ್ಕನ ಮದುವೆ ಹತ್ತಿರ ಬಂದಿತ್ತು. ಕಟಪಾಡಿಯ ನಮ್ಮ ಮನೆಯ ಜಗಲಿಯ ಕೆಂಪು ಕಾವಿ ನೆಲ ಮಾಸಿ, ಅಲ್ಲಲ್ಲಿ ಬಿರಿದು, ಮಮ್ಮಿಯ ಮರ್ಯಾದೆ ತೆಗೆಯುತ್ತಿತ್ತು. ಮದುವೆಯ ಹಿಂದಿನ ದಿನದ ರೋಸ್ ಅಲ್ಲೇ ನಡೆಯಬೇಕು. ಬಂಧುಗಳೆಲ್ಲ ಸಾಲಾಗಿ ಬಂದು ಮದುಮಗಳಿಗೆ ಎಣ್ಣೆ ಹಚ್ಚಿ, ತೆಂಗಿನ ಹಾಲು ಸುರಿದು ಹರಸುವ ನಮ್ಮ ಕೊಂಕಣಿ ಕ್ರೈಸ್ತರ ಶಾಸ್ತ್ರ ಅದು. ಆ ಸಾಲಿನಲ್ಲಿ ತಾನೂ ನಿಲ್ಲಲೇಬೇಕೆಂದು ವ್ಹಡ್ಲಿ ಮಾಂಯ್, ಅಂದರೆ ನಮ್ಮ ಅಜ್ಜಿ, ಹಟ ಹಿಡಿದಿದ್ದರು. ಅವರ ಸೊಂಟದ ಮೂಳೆ ಮುರಿದು, ಮಣಿಪಾಲದಲ್ಲಿ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಕೆಲಸಕ್ಕೆ ಬಂದ ವಾಸು ಮೇಸ್ತ್ರಿ ಕನ್ನಡಿಯಂಥ ಆ ಟೈಲ್ಸನ್ನು ಹೆಬ್ಬೆರಳಿನಿಂದ ಸವರಿದರು.

“ಇದು ಜಗಲಿಗಾ ಬಾಯಮ್ಮ? ಇಲ್ಲಿ ರೋಸ್ ಉಂಟಲ್ವಾ?”

ನನ್ನಲ್ಲಿ ಮೂರು ಪಾಯಿಂಟ್ ತಯಾರಿದ್ದವು. ಒಂದು, ಚಾಪೆ ಹಾಸುತ್ತೇವೆ. ಎರಡು, ಆಗಾಗ ಒರೆಸುತ್ತೇವೆ. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಟೈಲ್ಸನ್ನು ಅಂಗಳದ ಮರಳಿನಲ್ಲಿ ಅಲುಗಾಡದಂತೆ ಒತ್ತಿ ಕೂರಿಸಿದರು. ಮಮ್ಮಿ ಮೀನು ಸಾರಿಗೆ ಹಿಂಡಿಟ್ಟಿದ್ದ ತೆಂಗಿನ ಹಾಲನ್ನು ಅರ್ಧ ಲೋಟ ಕೇಳಿ ತಂದು ಅದರ ಮೇಲೆ ಸುರಿದರು.

“ಈಗ ಇದರ ಮೇಲೆ ನಿಂತು ಮೊದಲಿನಿಂದ ಹೇಳಿ.”

ಎರಡನೆಯ ಪಾಯಿಂಟಿಗೆ ಬರುವಾಗ ನನ್ನ ಬಲಗಾಲು ಜಾರಿ ಹೊರಟೇ ಹೋಯಿತು. ಕೈಗೆ ಅವರ ಭುಜ ಸಿಕ್ಕಿದ್ದರಿಂದ ಇದನ್ನು ಕುಳಿತು ಬರೆಯುತ್ತಿದ್ದೇನೆ, ಮಲಗಿ ಅಲ್ಲ.

“ಮೂರನೆಯದು ಎಂತ?” ಎಂದು ಕೇಳಿದರು, ನಗದೆ.

ತೀರ್ಪುಗಾರರು ಇಷ್ಟು ಬೇಗ ತೀರ್ಪು ಕೊಟ್ಟದ್ದನ್ನು ನಾನು ಕಂಡಿಲ್ಲ. ಟೈಲ್ಸ್ ಅಡುಗೆಮನೆಯ ಗೋಡೆಗೆ ಹೋಯಿತು. ಬಂಗುಡೆ ಹುರಿದ ಎಣ್ಣೆ ಈಗ ಒಮ್ಮೆ ಒರೆಸಿದರೆ ಹೋಗುತ್ತದೆ. ಜಗಲಿಯ ಬಿರುಕುಗಳಿಗೆ ವಾಸು ಮೇಸ್ತ್ರಿ ಕಾವಿ ತುಂಬಿದರು, ಹೊಳಪು ಕೊಡಲಿಲ್ಲ. ಹಳೆಯ ನೆಲ ಅಗೆಯುವ ಖರ್ಚೂ ಉಳಿಯಿತು. ಉಳಿತಾಯ ನನ್ನದೇ ಐಡಿಯಾ ಎಂದು ನಾನು ಈಗಲೂ ವಾದಿಸಬಲ್ಲೆ; ಮನೆಯಲ್ಲಿ ಯಾರೂ ಎದುರು ಪಕ್ಷಕ್ಕೆ ಬರುತ್ತಿಲ್ಲ, ಅಷ್ಟೆ.

ರೋಸ್ ದಿನ ಎಲ್ಲರೂ ಮದುಮಗಳ ಮುಖ ನೋಡುತ್ತಿದ್ದರೆ ನಾನು ಎರಡು ಸುಕ್ಕುಗಟ್ಟಿದ ಪಾದಗಳನ್ನೇ ನೋಡುತ್ತಿದ್ದೆ. ತೆಂಗಿನ ಹಾಲು ನೆಲದಲ್ಲೆಲ್ಲ ಹರಿದಿತ್ತು. ಪಾದಗಳು ಮುಂದೆ ಹೋದವು, ನಿಂತವು, ತಿರುಗಿದವು, ಕುರ್ಚಿಯವರೆಗೂ ಬಂದವು. ಆಮೇಲೆ ನಾನು ಉಸಿರು ಬಿಟ್ಟೆ.

ವ್ಹಡ್ಲಿ ಮಾಂಯ್ ಕುಳಿತು ನೆಲ ನೋಡಿದರು. “ಎಂತ ಮಗಾ, ಮದುವೆಗೂ ಹಳೇ ನೆಲವಾ? ಖರ್ಚಿಗೆ ಹೆದರಿ ಇಷ್ಟು ಪಿಟ್ಟಾಸಿತನ ಮಾಡಬಾರದು.”

ಉತ್ತರ ನನ್ನಲ್ಲಿತ್ತು, ಮೂರು ಪಾಯಿಂಟುಗಳಲ್ಲಿ. “ಹೌದು ವ್ಹಡ್ಲಿ ಮಾಂಯ್, ತಪ್ಪಾಯಿತು” ಎಂದು ಹೇಳಿ, ಅವರ ಪಾದಕ್ಕೆ ಹತ್ತಿದ್ದ ತೆಂಗಿನ ಹಾಲನ್ನು ಒರೆಸಿದೆ.